ಹದಿನೆಂಟು ಹಸಿದ ಕೌದಿಗಳು

"ಕತ್ತರಿ ಕೊಡವಾ, ಸಾಯಿರಾ," ಎಂದರು ಭಾಗೀರಥಿಬಾಯಿ.

ಸಾಯಿರಾ ಕೊಡಲಿಲ್ಲ. ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಅತ್ತೆಯ ಮುಖ ನೋಡಿದಳು. ಹೊಲಿದು ಮುಗಿಸಿದ ಕೌದಿಯ ಮೂಲೆ ಬಿಚ್ಚುವುದೆಂದರೆ ಆ ಮನೆಯಲ್ಲಿ ಉಣ್ಣುವವರ ಮುಂದಿನ ತಾಟು ಎಳೆದುಕೊಂಡಂತೆ.

ಅತ್ತೆ ಜುಬೇದಾಬಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. "ಕೊಡು. ಅವು ನಮ್ಮ ಕೌದಿ ಅಲ್ಲ ಅಂತ ನೀನ ಹೇಳೀಯಲ್ಲ," ಎಂದರು.

ನಡುವೆ ಬಂದು ಕೂತವರಿಗೆ ಇಷ್ಟು ಸಾಕು: ದೊಡವಾಡದ ಈ ಮನೆಯಿಂದ ಹಬ್ಬದ ಸೇಲಿನಲ್ಲಿ ನಲವತ್ತೊಂದು ಕೌದಿ ಆನ್‌ಲೈನ್ ಗಿರಾಕಿಗಳಿಗೆ ಹೋದವು, ಹತ್ತೊಂಬತ್ತು ವಾಪಸು ಬಂದವು, ವಾಪಸು ಬಂದವುಗಳ ಮೇಲೆ ಇದ್ದದ್ದು ಮಿಷನ್ ಹೊಲಿಗೆ. ಗಿರಾಕಿಗಳು ಅಸಲಿ ಇಟ್ಟುಕೊಂಡು ನಕಲಿ ಕಳಿಸಿದ್ದಾರೆ ಅನ್ನುವುದು ಸಾಯಿರಾಳ ದೂರು. ನಾಳೆ ಸಂಜೆ ಐದರೊಳಗೆ ಅದು ಸಾಬೀತಾಗದಿದ್ದರೆ 'ಜುಬೇದಾ ಕೌದಿ' ಅಂಗಡಿಯನ್ನು ಕಂಪನಿಯವರು ಆ್ಯಪಿನಿಂದ ಕಿತ್ತುಹಾಕುತ್ತಾರೆ.

ಭಾಗೀರಥಿಬಾಯಿ ಬೈಲಹೊಂಗಲದ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕುಳಿತು ನಿವೃತ್ತರಾದವರು. ಪೊಟ್ಟಣವನ್ನು ಒಮ್ಮೆ ಕೈಯಲ್ಲಿ ತೂಗಿದರೆ ಸಾಕು, ಒಳಗೆ ಉಪ್ಪಿನಕಾಯಿ ಇದೆಯೋ ಪುಸ್ತಕ ಇದೆಯೋ ಹೇಳುತ್ತಿದ್ದರು. ಮೊಣಕಾಲು ನೋವು, ಮೂಗಿನ ತುದಿಯಲ್ಲೇ ಸಿಟ್ಟು, ಸಕ್ಕರೆ ಇಲ್ಲದ ಚಹದ ಮೇಲೆ ತೀರದ ಹಗೆ. ಇಷ್ಟೆಲ್ಲ ಇದ್ದೂ ಯಾರದಾದರೂ ಏನಾದರೂ ಕಳೆಯಿತು ಅಂದರೆ ಮೊದಲು ಚಪ್ಪಲಿ ಮೆಟ್ಟುವವರು ಇವರೇ.

ಅವರು ಇಂದು ಮೂಲೆ ಬಿಚ್ಚಲು ಕೂತದ್ದಕ್ಕೆ ಕಾರಣವಿತ್ತು. ಜುಬೇದಾಬಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಮೂರು ಜೋಳದ ಕಾಳನ್ನು ಅರಿವೆಯ ಚೂರಿನಲ್ಲಿ ಸುತ್ತಿ ಒಳಗೆ ಇಡುತ್ತಾರೆ. ಅದಕ್ಕೆ ಅವರು ತುತ್ತು ಅನ್ನುತ್ತಾರೆ. ನಮ್ಮನ್ನು ಬೆಚ್ಚಗಿಡುವ ಕೌದಿ ತಾನು ಹಸಿದಿರಬಾರದು ಎಂದು ಅವರ ತಾಯಿ ಹೇಳಿಕೊಟ್ಟದ್ದು. ತುತ್ತು ಇಲ್ಲದ್ದು ಈ ಮನೆಯದಲ್ಲ.

ಕತ್ತರಿ ಆಡತೊಡಗಿತು. ಒಂದು, ಎರಡು, ಐದು, ಹತ್ತು. ಎಲ್ಲ ಮೂಲೆಯೂ ಖಾಲಿ. ಪ್ರತಿಯೊಂದಕ್ಕೂ ಸಾಯಿರಾ ಫೋನಿನಲ್ಲಿ ಫೋಟೋ ತೆಗೆದಳು, ಪ್ರತಿ ಫೋಟೋಗೂ ಅವಳ ಮುಖ ಅರಳಿತು. ಹದಿನೆಂಟು ಮುಗಿದವು.

"ನೋಡಿದ್ರೇನ್ರಿ ಬಾಯಾರ? ನಾ ಹೇಳಿದ್ನಲ್ರಿ!"

ಹತ್ತೊಂಬತ್ತನೆಯದನ್ನು ಭಾಗೀರಥಿಬಾಯಿ ತೊಡೆಯ ಮೇಲೆ ಹರವಿಕೊಂಡರು. ಬೆರಳಾಡಿಸಿದರು. ಹೊಲಿಗೆ ಮಿಷನ್ನಿನದಲ್ಲ. ಸಣ್ಣ, ಸಮನಾದ ಕೈಹೊಲಿಗೆ. ಇದನ್ನು ಗಿರಾಕಿ ವಾಪಸು ಕಳಿಸಿದ್ದಾದರೂ ಯಾಕೆ?

ಅದರ ಜೊತೆ ಬಂದ ಗಿರಾಕಿಯ ಚೀಟಿ ಓದಿದರು. 'ಮೂಲೆಯಲ್ಲಿ ಕಲ್ಲು ಇದೆ. ಚುಚ್ಚುತ್ತದೆ.'

ಕತ್ತರಿ ಹಾಕಿದೊಡನೆ ಕೆಂಪು ಅರಿವೆಯ ಗಂಟೊಂದು ಹೊರಬಿತ್ತು. ಬಿಚ್ಚಿದರೆ ಕಾಳು ನೆಲದ ತುಂಬ ಚೆಲ್ಲಿತು. ಮೂರಲ್ಲ, ಒಂದು ಮುಷ್ಟಿ. ಜೋಳವಲ್ಲ, ಸಜ್ಜೆ.

ಜುಬೇದಾಬಿ ಕಂಬ ಬಿಟ್ಟು ಮುಂದೆ ಸರಿದರು. ಒಂದೊಂದೇ ಕಾಳನ್ನು ಆರಿಸಿ ಅಂಗೈಗೆ ಹಾಕಿಕೊಂಡರು.

"ಇದು ಯಾರ ಕೈದು, ಜುಬೇದಾಬಿ?"

"ನನಗ ಗೊತ್ತಿಲ್ರಿ."

ಹೇಳಿದರು, ಆದರೆ ಕಾಳನ್ನು ಎಸೆಯಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆ ಗಂಟನ್ನು ಅವರು ಎರಡೆರಡು ಸಲ ಬಿಗಿದದ್ದು ಭಾಗೀರಥಿಬಾಯಿಗೆ ಕಂಡಿತು. ಕಂಡರೂ ಕಾಣದಂತೆ ಇರುವುದನ್ನು ಅವರು ಅಂಚೆ ಕಚೇರಿಯಲ್ಲೇ ಕಲಿತಿದ್ದರು.

"ಸೇಲ್ ಶುರು ಆಗೂ ಮುಂಚೆ ಮನ್ಯಾಗ ಎಷ್ಟ ಕೌದಿ ಇದ್ದು?"

"ಇಪ್ಪತ್ತೆರಡ್ರಿ," ಎಂದಳು ಸಾಯಿರಾ. "ಆರು ತಿಂಗಳದಾಗ ಬರೇ ಒಂಬತ್ತು ಹೋಗಿದ್ದು. ಸೇಲಿಗೆ ಹಾಕಿದ ಮೂರು ದಿನದಾಗ ನಲವತ್ತೊಂದು! ರೇಟ ಅರ್ಧ ಮಾಡಿದ್ದಕ್ಕ ನಮ್ಮ ಅಂಗಡಿ ಮ್ಯಾಲ ಕಾಣತೈತ್ರಿ. ಇಲ್ಲಂದ್ರ ನಾವು ಯಾರ ಕಣ್ಣಿಗೆ ಬೀಳತೇವಿ?"

"ಅರ್ಧ ರೇಟಿಗೆ ತಗೊಂಡವರಿಗೆ ಅದು ಅರ್ಧ ಕೌದಿ," ಎಂದರು ಜುಬೇದಾಬಿ ಮೆಲ್ಲಗೆ. ಜಗಳದ ದನಿಯಲ್ಲ. ನೂರು ಸಲ ಆಡಿ ನಯವಾದ ಮಾತು ಅದು.

"ಹಂಗಾರ ಉಳಿದ ಹತ್ತೊಂಬತ್ತು ಎಲ್ಲಿಂದ ಬಂದ್ವು?"

"ನಾ ತಂಗಿ ನಿಶ್ಚಯಕ್ಕ ಬೈಲಹೊಂಗಲಕ್ಕ ಹೋಗಿದ್ನಿರಿ, ಎರಡು ದಿನ. ಅಂಗಡಿ ಫೋನ್ ಮನ್ಯಾಗ ನನ್ನ ಮಗಳು ಫಿಜಾನ ಕಡೆ ಇತ್ತು. ಅತ್ತಿ ತಾವs ಊರಿಂದ ತರಿಸಿ, ಪ್ಯಾಕ್ ಮಾಡಿ ಕಳಿಸ್ಯಾರ. ಓಣ್ಯಾಗ ಎಲ್ಲಾರ ಮನ್ಯಾಗೂ ಕೌದಿ ಇರತಾವಲ್ರಿ."

ಹತ್ತೊಂಬತ್ತು ಹೆಚ್ಚಿಗೆ ಹೋದವು, ಹತ್ತೊಂಬತ್ತು ವಾಪಸು ಬಂದವು. ಭಾಗೀರಥಿಬಾಯಿ ಆ ಎರಡು ಸಂಖ್ಯೆಯನ್ನು ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿದರು. ಸಾಯಿರಾಗೆ ಅದು ಯಾಕೆ ಹೊಳೆಯಲಿಲ್ಲ? ಅತ್ತೆಯ ಮಾತನ್ನು ಅಳೆದು ನೋಡುವ ಅಭ್ಯಾಸ ಆ ಹುಡುಗಿಗೆ ಇರಲಿಲ್ಲ, ಅಷ್ಟೇ.

ಎದ್ದು ನಿಂತು, ಪಕ್ಕದ ಮನೆಗೂ ಕೇಳುವಂತೆ ಹೇಳಿದರು: "ನಡಿ ಬಾಬಾಜಾನ, ಗಾಡಿ ತಗಿ. ಕಿತ್ತೂರಿಗೆ ಹೋಗೂಣು. ಹೈವೇ ಮ್ಯಾಲೆ ಮಿಷನ್ ಕೌದಿ ಮಾರತಾನಲ್ಲ ಆ ಬಾಳೇಶ, ಅವನ್ನ ಹಿಡಿಯೂಣು."

ಜುಬೇದಾಬಿಯ ಭುಜ ಸಡಿಲವಾಯಿತು. ಭಾಗೀರಥಿಬಾಯಿ ಅದನ್ನೂ ನೋಡಿದರು.

*

ಬಾಬಾಜಾನ ಜುಬೇದಾಬಿಯ ತಮ್ಮ. ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ. ಮಾತು ಶುರುಮಾಡಿದರೆ ಬ್ರೇಕ್ ಇಲ್ಲ, ಆದರೆ ಅಂದು ಅವನ ಬಾಯಿಗೆ ಬೀಗ ಬಿದ್ದಿತ್ತು.

ಊರ ಹೊರಗಿನ ಕೂಡು ರಸ್ತೆಯಲ್ಲಿ ಭಾಗೀರಥಿಬಾಯಿ ಹೇಳಿದರು: "ಕಿತ್ತೂರ ಬ್ಯಾಡ. ಸವದತ್ತಿ ಕಡೆ ಹೊಳ್ಳಸು. ರಾಮದುರ್ಗದ ತನಕ ಹೋಗೂದೈತಿ."

ಗಾಡಿ ಗಕ್ಕನೆ ನಿಂತಿತು.

"ರಾಮದುರ್ಗಕ್ಕ ಯಾಕ್ರಿ?"

"ದೊಡವಾಡದ ಕರಿ ಎರಿ ಮಣ್ಣಿನ ಹೊಲದಾಗ ಸಜ್ಜಿ ಯಾರ ಬೆಳಿತಾರೋ? ಆ ಕಾಳು ರಾಮದುರ್ಗದ ಕಡೇದು. ಸಾಯಿರಾ, ಆ ಕಡೆ ಯಾರ ಅದಾರ ನಿಮಗ? ಕೈ ದೊಡ್ಡದು ಇರೂವಾಕಿ. ಮೂರು ಕಾಳು ಹಾಕೂ ಕಡೆ ಮುಷ್ಟಿ ತುಂಬ ಹಾಕೂವಾಕಿ."

ಸಾಯಿರಾ ಗಾಡಿಯ ಸರಳು ಹಿಡಿದುಕೊಂಡಳು. ಅವಳಿಗೆ ಒಂದೇ ಹೆಸರು ಹೊಳೆದಿತ್ತು.

"ಸುಂದರವ್ವ ಮಾವಶಿ. ಸಾಲಹಳ್ಳಿಯಾಕಿ."

ಸುಂದರವ್ವ ಮತ್ತು ಜುಬೇದಾಬಿ ಇಪ್ಪತ್ತು ವರ್ಷ ಒಂದೇ ಕೌದಿಯ ಎರಡು ತುದಿಗೆ ಕೂತು ಹೊಲಿದವರು. ಗಂಡ ತೀರಿದ ಮೇಲೆ ಸುಂದರವ್ವ ಸಾಲಹಳ್ಳಿಯ ಮಗಳ ಮನೆಗೆ ಹೋದರು. ಹೋಗುವ ದಿನ ಸಣ್ಣ ಮಾತು ದೊಡ್ಡದಾಗಿತ್ತು. ಕೌದಿ ಅಂದರೆ ಬಾಣಂತಿಗೆ, ಕೂಸಿಗೆ, ನೆಂಟರಿಗೆ. ಫೋನಿನಲ್ಲಿ ರೇಟು ಇಳಿಸಿ ಕೂಗುವುದಲ್ಲ ಎಂದಿದ್ದರು ಸುಂದರವ್ವ. ಸೊಸೆ ಆಸೆಪಟ್ಟು ಮಾಡುವ ಕೆಲಸಕ್ಕೆ ಅಡ್ಡ ಮಾತಾಡಬೇಡ ಎಂದಿದ್ದರು ಜುಬೇದಾಬಿ. ಆಮೇಲೆ ಎರಡು ವರ್ಷ ಫೋನಿಲ್ಲ, ಸುದ್ದಿಯಿಲ್ಲ. ಕಡೇಪಕ್ಷ ಸಾಯಿರಾಗೆ ಗೊತ್ತಿದ್ದಂತೆ.

"ಅದಕ್ಕ ಸೇಡು ತೀರಿಸ್ಯಾಳ," ಎಂದಳು ಸಾಯಿರಾ. ಅವಳ ಕಣ್ಣು ತುಂಬಿದ್ದವು. "ಬಾಳೇಶನ ಕೂಡ ಸೇರಿ ನಕಲಿ ಮಾಡಿ ಗಿರಾಕಿಗೋಳಿಗೆ ಮಾರ್ಯಾಳ. ಅವರು ಅದನ್ನ ನಮಗ ಕಳಿಸ್ಯಾರ. ನನಗ ಎಷ್ಟ ಜೀವ ಮಾಡತಿದ್ಲರಿ ಬಾಯಾರ. ನನ್ನ ಫಿಜಾನ ಮೊದಲನೇ ಕೌದಿ ಆಕೀನ ಹೊಲದಾಕಿ."

"ಮುಖಾ ನೋಡಿ ಮಾತಾಡೂಣಂತ. ಈಗ ಕಣ್ಣ ಒರಸಿಕೋ."

ಮುಂದೆ ಬಾಬಾಜಾನ ಒಂದು ಹಳ್ಳಿಯಲ್ಲಿ ಚಹಕ್ಕೆ ನಿಲ್ಲಿಸಿದ. ಇನ್ನೊಂದು ಹಳ್ಳಿಯಲ್ಲಿ ಗಾಡಿಗೆ ಗಾಳಿ ಹೊಡೆಸಿದ. ಸವದತ್ತಿಯಲ್ಲಿ ಮತ್ತೆ ಚಹ. ಪ್ರತಿ ಸಲ ಮರೆಗೆ ಹೋಗಿ ಫೋನ್ ಕಿವಿಗೆ ಹಚ್ಚಿದ, ಪ್ರತಿ ಸಲ ಸಪ್ಪೆ ಮೋರೆ ಹಾಕಿಕೊಂಡು ಬಂದ.

"ಯಾರ ಎತ್ತವಲ್ರೇನೋ?" ಕೇಳಿದರು ಭಾಗೀರಥಿಬಾಯಿ.

"ಜುಬೇದಾ ಆಪಾಗ ಹಚ್ಚಿದ್ನಿರಿ. ಕೈಯಾಗ ಸೂಜಿ ಇದ್ರ ಆಕಿ ಫೋನ್ ಎತ್ತೂದಿಲ್ರಿ."

"ಸೇಲ್ ಆದಾಗಿಂದ ಆರ್ಡರ್ ಒಂದೂ ಇಲ್ಲ. ಈಗ ಏನ ಹೊಲ್ಯಾಕತ್ತಾಳ?"

ಬಾಬಾಜಾನ ಖಾಲಿ ಕಪ್ಪಿನಿಂದ ಇನ್ನೊಂದು ಗುಟುಕು ಕುಡಿದ.

ಅಷ್ಟರಲ್ಲಿ ಸಾಯಿರಾ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಏನನ್ನೋ ಬರೆಯುತ್ತಿದ್ದಳು. ಭಾಗೀರಥಿಬಾಯಿ ಹತ್ತಿರ ಹೋಗುವುದಕ್ಕೂ ಅವಳು ತಲೆ ಎತ್ತುವುದಕ್ಕೂ ಸರಿಹೋಯಿತು.

"ಕಳಿಸಿಬಿಟ್ಟೇನ್ರಿ, ಬಾಯಾರ. ಹದಿನೆಂಟು ಫೋಟೋನೂ ಹಾಕೇನಿ. 'ಮೂಲೆಯಲ್ಲಿ ಜೋಳದ ತುತ್ತು ಇಲ್ಲದ ಯಾವ ಕೌದಿಯೂ ನಮ್ಮ ಮನೆಯದಲ್ಲ. ಗಿರಾಕಿಗಳು ಬದಲಿಸಿದ್ದಾರೆ.' ಹಿಂಗ ಬರದೇನಿ."

"ಸಾಲಹಳ್ಳಿ ಮುಟ್ಟೂ ತನಕ ತಡಿಬಾರ್ದೇನವಾ!"

"ನಾಳೆ ಐದಕ್ಕ ಟೈಮ್ ಮುಗಿತೈತ್ರಿ. ಮುಂದ ನೆಟ್ವರ್ಕ್ ಸಿಗದಿದ್ರ?"

ಭಾಗೀರಥಿಬಾಯಿಗೆ ಬೈಯಲು ಬಾಯಿ ಬಂತು, ಮನಸ್ಸು ಬರಲಿಲ್ಲ. ಗಾಡಿ ಹತ್ತಿ ಕೂತ ಮೇಲೆ ಕೇಳಿದರು: "ಒಂದು ಕೌದಿಗೆ ಎಷ್ಟ ದಿನಾ ಹಿಡಿತೈತಿ?"

"ಹದಿನೈದು ದಿನರಿ, ಒಬ್ಬಾಕಿಗೆ."

"ಸೇಲ್ ಹಾಕಿದ್ರ ಗಿರಾಕಿ ಬರತಾರ, ಖರೇ. ಹೊಲಿಯೂ ಕೈ ಎಲ್ಲಿಂದ ಬರಬೇಕು? ಕೈಗೆ ಯಾರ ಸೇಲ್ ಹಾಕತಾರ?"

ಸಾಯಿರಾ ಅದನ್ನು ಯೋಚಿಸಿರಲಿಲ್ಲ.

*

ಸುಂದರವ್ವ ಕಟ್ಟೆಯ ಮೇಲೆ ಕುಳಿತು ಸಜ್ಜೆ ಹಸನು ಮಾಡುತ್ತಿದ್ದರು. ಗಾಡಿಯಿಂದ ಇಳಿದ ಸಾಯಿರಾಳನ್ನು ನೋಡಿದ್ದೇ ತಡ, ಮೊರ ಪಕ್ಕಕ್ಕಿಟ್ಟು ಎರಡೂ ಕೈ ಚಾಚಿದರು.

"ಬಾರs ನನ್ನವ್ವ! ಎಷ್ಟ ಸೊರಗೀಯಲ್ಲ. ಫಿಜಾನ್ನ ಯಾಕ ಕರಕೊಂಡ ಬರಲಿಲ್ಲ? ಬಾಬಾಜಾನ, ಹೊರಗ ಯಾಕ ನಿಂತಿ, ಕಾಲ ತೊಳಕೋ. ಬಾಯಾರ, ನೀವು ಒಳಗ ಬರ್ರಿ, ಕುಂದರ್ರಿ. ರೊಟ್ಟಿ ಬಿಸಿ ಅದಾವ."

ಸಾಯಿರಾ ಆ ಕೈಗಳ ಕಡೆ ಹೋಗಲಿಲ್ಲ. ಚೀಲದಿಂದ ಕೆಂಪು ಅರಿವೆಯ ಚೂರು ತೆಗೆದು ಕಟ್ಟೆಯ ಮೇಲಿಟ್ಟಳು.

"ಇದು ನಿಂದ ಹೌದಲ್ಲ, ಮಾವಶಿ?"

ಸುಂದರವ್ವನ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. "ಹೌದು, ನಂದ," ಎಂದರು.

"ಆ ಹತ್ತೊಂಬತ್ತು ಕೌದಿನೂ ನಿನ್ನ ಮನಿಂದ ಬಂದಿದ್ದೇನ?"

"ಹೌದು."

"ಮಿಷನ್ ಮ್ಯಾಲೆ ಹಾಕಿಸಿದ್ದು ನೀನs ಏನ?"

"ನಮ್ಮ ಟೇಲರ್ ಬಾಯವ್ವನ ಕಡೆ ಹಗಲು ರಾತ್ರಿ ಕೂಡಿಸಿ ಹಾಕಿಸಿದೆ. ಅಂಚು ಅಷ್ಟ ನಾ ಕೈಲೆ ಹೊಲದೆ. ಒಂದು ಮಾತ್ರ ಪೂರಾ ಕೈಲೆ ಹೊಲದದ್ದು ಇತ್ತು, ಮೊಮ್ಮಗಳಿಗಂತ ಇಟ್ಟಿದ್ದೆ. ಅದನ್ನೂ ಕೊಟ್ಟೆ. ಅದಕ್ಕಷ್ಟ ತುತ್ತು ಹಾಕಿದ್ದೆ. ಮಿಷನ್ನಿನದಕ್ಕ ಹಸಿವು ಇರೂದಿಲ್ಲ ಅಂತ ಬಿಟ್ಟೆ. ತಪ್ಪಾತೇನವಾ?"

"ತಪ್ಪಾತೇನ ಅಂತ ಕೇಳತೀಯಲ್ಲ!" ಸಾಯಿರಾಳ ದನಿ ಒಡೆಯಿತು. "ನಾಳೆ ನಮ್ಮ ಅಂಗಡಿ ಬಂದ್ ಆಗತೈತಿ. ಅತ್ತಿ ಹೆಸರು ಕೆಡತೈತಿ. ಯಾರಿಗೆ ಮಾಡಿ ಕೊಟ್ಟಿ? ಬಾಳೇಶನಿಗೇನ? ಎಷ್ಟಕ್ಕ ಮಾರಿದಿ ನಮ್ಮನ್ನ?"

ಯಾರಿಗೋ ಮಾತು ಕೊಟ್ಟವರಂತೆ ಸುಂದರವ್ವ ಒಮ್ಮೆ ಬಾಬಾಜಾನನ ಕಡೆ ನೋಡಿದರು. ಬಾಬಾಜಾನ ತನ್ನ ಚಪ್ಪಲಿ ನೋಡಿಕೊಂಡ.

"ನಾ ಹೇಳೂದಿಲ್ಲವಾ. ನೀ ಬೇಕಾದ್ರ ಹೊಡಿ."

"ಬಾಬಾಜಾನ," ಎಂದರು ಭಾಗೀರಥಿಬಾಯಿ, "ಇವರ ಮನಿ ಯಾವ ಓಣಿ ಅಂತ ಬರೂ ಮುಂದ ಒಬ್ಬರನ್ನೂ ಕೇಳಲಿಲ್ಲ ನೀನು. ಸೀದಾ ಬಾಗಿಲಿಗೆ ತಂದು ನಿಲ್ಲಿಸಿದಿ. ಹತ್ತೊಂಬತ್ತು ಕೌದಿ ಬಸ್ಸಿನ್ಯಾಗ ಬರೂದಿಲ್ಲ. ಯಾರ ಗಾಡ್ಯಾಗ ಬಂದ್ವು?"

"ನನ್ನ ಗಾಡ್ಯಾಗ್ರಿ," ಎಂದ ಬಾಬಾಜಾನ. ಹೇಳಿ ಹಗುರಾದವನಂತೆ ಕಟ್ಟೆಯ ಮೇಲೆ ಕುಸಿದ. "ನನ್ನಾಣಿ, ಇನ್ನೇನೂ ಕೇಳಬ್ಯಾಡ್ರಿ."

ಕೇಳುವ ಅಗತ್ಯ ಬೀಳಲಿಲ್ಲ. ಮೊರದ ಪಕ್ಕದಲ್ಲಿದ್ದ ಸುಂದರವ್ವನ ಫೋನ್ ಬಡಿದುಕೊಂಡಿತು. ಸುಂದರವ್ವನಿಗೆ ಓದಲು ಬಾರದು; ಹೆಸರಿನ ಬದಲು ಪರದೆಯ ಮೇಲೆ ಒಂದು ಕೌದಿಯ ಚಿತ್ರ. ಕಿವಿ ಮಂದವಾದ್ದರಿಂದ ಆ ಫೋನು ಯಾವಾಗಲೂ ಸ್ಪೀಕರಿನ ಮೇಲೇ ಇರುತ್ತದೆ. ಅವರು ಕಟ್ ಮಾಡಲು ಹೋಗಿ ಹಸಿರು ಗುಂಡಿಯನ್ನೇ ಒತ್ತಿದರು.

"ಸುಂದ್ರೀ," ಎಂದಿತು ಜುಬೇದಾಬಿಯ ದನಿ.

ಸಾಯಿರಾ ಫೋನಿನ ಕಡೆ ತಿರುಗಿದಳು.

"ಅವರು ಕಿತ್ತೂರಿಗೆ ಹೋಗ್ಯಾರ, ಬಾಳೇಶನ ಕಡೆ. ನೀ ಅಂಜಬ್ಯಾಡ. ಯಾರರ ಬಂದು ಕೇಳಿದ್ರ ನನ್ನ ಹೆಸರು ಹೇಳಬ್ಯಾಡ, ಅಷ್ಟ. ಸಾಯಿರಾಗ ಗೊತ್ತಾಗಬಾರ್ದು."

ಆ ಕಡೆಯ ದನಿ ತನ್ನಷ್ಟಕ್ಕೆ ಸಾಗಿತು.

"ಆಕಿ ಸೇಲಿಗೆ ಹಾಕೂ ಮುಂದ ಸ್ಟಾಕ್ ಇಪ್ಪತ್ತೆರಡು ಬರಿಯೂ ಕಡೆ ಇನ್ನೊಂದು ಎರಡು ಒತ್ಯಾಳ ಸುಂದ್ರಿ. ಇನ್ನೂರಾ ಇಪ್ಪತ್ತೆರಡು ಆಗಿಬಿಟ್ಟೈತಿ. ಫಿಜಾ ನೋಡಿ ಹೇಳೂದ್ರಾಗ ನಲವತ್ತೊಂದು ಆರ್ಡರ್ ಬಂದಿದ್ದು. ಎರಡು ದಿನದಾಗ ಕಳಿಸದಿದ್ರ ಅಂಗಡಿಗೆ ಕೆಟ್ಟ ಹೆಸರು. ತನ್ನ ತಪ್ಪು ಅಂತ ಗೊತ್ತಾದ್ರ ಆ ಹುಡುಗಿ ಮತ್ತ ಫೋನ್ ಮುಟ್ಟೂದಿಲ್ಲ. ಗಂಡ ವಾಸೀಮ್ ಲಾರಿ ಮ್ಯಾಲ ಹೋದ್ರ ತಿಂಗಳಗಟ್ಟಲೆ ಬರೂದಿಲ್ಲ. ಆಕಿಗೆ ಮನಸಿಗೆ ಹಚ್ಚಿಕೊಳ್ಳಾಕ ಇರೂದು ಅದೊಂದ ಅಂಗಡಿ. ನಾ ಸುಳ್ಳು ಹೇಳಿಲ್ಲ ನೋಡು, 'ಊರಿಂದ ತರಿಸೇನಿ' ಅಂದೆ. ಯಾವ ಊರು ಅಂತ ಆಕಿ ಕೇಳಲಿಲ್ಲ."

ಸಾಯಿರಾ ಕಟ್ಟೆಯ ಅಂಚಿಗೆ ಕೂತುಬಿಟ್ಟಳು. ಕೈಯಲ್ಲಿದ್ದ ಅವಳ ಫೋನು ಅದೇ ಹೊತ್ತಿಗೆ ಟಿಣ್ ಎಂದಿತು. ಕಣ್ಣೀರಿನಲ್ಲಿ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ. ಭಾಗೀರಥಿಬಾಯಿ ಫೋನ್ ತೆಗೆದುಕೊಂಡು ಓದಿದರು.

'ನಿಮ್ಮ ದೂರನ್ನು ಸ್ವೀಕರಿಸಲಾಗಿದೆ. ಹತ್ತೊಂಬತ್ತು ಗ್ರಾಹಕರಿಗೆ ಹಣ ಮರಳಿಸುವುದನ್ನು ತಡೆಹಿಡಿಯಲಾಗಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನಮ್ಮ ಪ್ರತಿನಿಧಿ ದೊಡವಾಡಕ್ಕೆ ಬಂದು ಮೂಲೆಗಳನ್ನು ತಾವೇ ಬಿಚ್ಚಿ ಪರೀಕ್ಷಿಸುತ್ತಾರೆ. ಮಾಲೀಕರಾದ ಜುಬೇದಾಬಿ ಅವರ ಹೇಳಿಕೆಯನ್ನು ಪಡೆಯುತ್ತಾರೆ.'

ತಪ್ಪು ಮಾಡದ ಹತ್ತೊಂಬತ್ತು ಜನ ಈಗ ಕಳ್ಳರು. ಸುಳ್ಳು ಹೇಳಲು ಬಾರದ ಹೆಂಗಸೊಬ್ಬಳು ನಾಳೆ ಹತ್ತಕ್ಕೆ ಅದಕ್ಕೆ ಸಾಕ್ಷಿ ಹೇಳಬೇಕು. ಆದರೂ ಒಂದು ದಾರಿ ಇದೆ ಎಂದುಕೊಂಡರು ಭಾಗೀರಥಿಬಾಯಿ. ದೂರನ್ನು ವಾಪಸು ತೆಗೆದುಕೊಂಡು, ಗಿರಾಕಿಗಳ ಕ್ಷಮೆ ಕೇಳಿ, ಕೌದಿಗಳನ್ನು ಇದ್ದಂತೆ ಅವರ ಮುಂದೆ ಇಟ್ಟರೆ ಇದು ಮೋಸವಲ್ಲ, ಗಡಿಬಿಡಿ ಎಂದು ನಂಬಿಸಬಹುದು. ಕೌದಿಗಳು ಮಾತ್ರ ಇದ್ದಂತೆಯೇ ಇರಬೇಕು, ಫೋಟೋದಲ್ಲಿ ಇದ್ದಂತೆ.

"ಸುಂದ್ರಿ, ಕೇಳಾಕತ್ತೀಯೇನ? ಯಾಕ ಮಾತಾಡವಲ್ಲಿ?"

"ಕೇಳಾಕತ್ತೇನಿ, ಜುಬೇದಾ," ಎಂದರು ಸುಂದರವ್ವ. ಅವರ ಒಂದು ಕೈ ಸಾಯಿರಾಳ ತಲೆಯ ಮೇಲಿತ್ತು. "ಮುಂಜಾನಿಂದ ಏನ ಮಾಡಾಕತ್ತಿ?"

"ಹೊಲ್ಯಾಕತ್ತಿದ್ನೆವಾ. ಅವರು ಮೂಲಿ ಬಿಚ್ಚಿದ್ರಲ್ಲ, ಹದಿನೆಂಟೂ ಬಾಯಿ ತಕ್ಕೊಂಡು ಬಿದ್ದಿದ್ದು. ನೋಡಾಕ ಆಗಲಿಲ್ಲ. ಮಿಷನ್ನಿನವು ಆದ್ರೇನು, ನನ್ನ ಹೆಸರಿಲೆ ಮನಿ ಬಿಟ್ಟು ಹೋಗಿದ್ದು. ಅಷ್ಟ ದೂರ ಹೋಗಿ, ಬ್ಯಾಡ ಅನಿಸಿಕೊಂಡು, ಹಸದ ಬಂದಾವ."

"ಏನ ಮಾಡಿದಿ, ಜುಬೇದಾ?"

"ಮೂರು ಮೂರು ಕಾಳು ಜೋಳಾ ಹಾಕಿ ಎಲ್ಲಾ ಹೊಲದೆ. ನಿನ್ನ ಸಜ್ಜಿನೂ ನಿನ್ನ ಕೌದಿಗೆ ಹೊಳ್ಳಿ ಹಾಕಿದೆ." ಜುಬೇದಾಬಿಯ ದನಿಯಲ್ಲಿ ಬಹಳ ದಿನದ ಮೇಲೆ ನೆಮ್ಮದಿ ಇತ್ತು. "ಈಗ ಕಡೇದರ ದಾರ ಹರಿದೆ ನೋಡು. ಹದಿನೆಂಟೂ ಉಂಡ್ವು."